ಹಳೇ ಕಾರಿನ ಇಂಜಿನ್ ಆಯಿಲ್: ಕೆಂಪು ದೀಪ, ನೆಲದ ಮೇಲಿನ ಹನಿ, ನೀಲಿ ಹೊಗೆ, ಏನ್ ಕಂಡ್ರೆ ಎಲ್ಲಿಂದ ನೋಡೋದು

ನಮ್ಮನೇಲಿರೋದು 2006ರ ಆಲ್ಟೊ, 796 ಸಿಸಿ ಮೂರು ಸಿಲಿಂಡರ್ ಪೆಟ್ರೋಲ್, ಅಪ್ಪ ತಗೊಂಡಿದ್ದು ಈಗ ನನ್ನ ಪಾಲಿಗೆ ಬಂದಿದೆ. ವರ್ಷಕ್ಕೊಂದ್ಸಲ ಗ್ಯಾರೇಜಿಗೆ ಬಿಟ್ಟು ಆಯಿಲ್ ಚೇಂಜ್ ಮಾಡ್ಸೋದು, ಬಿಲ್ ಕಟ್ಟೋದು, ಮತ್ತೆ ಬಾನೆಟ್ ತೆಗಿಯೋದು ಮುಂದಿನ ವರ್ಷಾನೇ, ಹಾಗಿತ್ತು ನನ್ನ ಕತೆ. ಒಂದ್ಸಲ ತೀರ್ಥಹಳ್ಳಿ ಕಡೆಯಿಂದ ಬಂದು ಆಗುಂಬೆ ಘಾಟಿ ಇಳೀತಿದ್ದಾಗ ಎರಡ್ನೇ ತಿರುವಲ್ಲಿ ಕೆಂಪು ಆಯಿಲ್ ದೀಪ ಫಕ್ ಅಂತ ಹತ್ತಿ ಆರ್ತು, ಮೂರ್ನೇ ತಿರುವಲ್ಲಿ ಮತ್ತೆ ಹತ್ತಿ ಆರ್ತು. ಅಗಲ ಇರೋ ಜಾಗ ನೋಡಿ ನಿಲ್ಸಿ, ಇಂಜಿನ್ ತಣ್ಣಗಾಗೋವರೆಗೆ ಕಾದು ಡಿಪ್‌ಸ್ಟಿಕ್ ಅಂದ್ರೆ ಆಯಿಲ್ ಅಳೆಯೋ ಕಡ್ಡಿ ಎಳೆದ್ರೆ ತುದೀಲಿ ಒಂದು ಹನಿ, ಅಷ್ಟೇ. ಆಯಿಲ್ ಚೇಂಜ್ ಆಗಿ ಬರೀ ಏಳು ತಿಂಗಳಾಗಿತ್ತು, ಬಿಲ್ ಗ್ಲೋವ್ ಬಾಕ್ಸಲ್ಲೇ ಬಿದ್ದಿತ್ತು.

ಅವತ್ತಿಂದ ನಾನು ಹೇಳೋದು ಒಂದೇ, ಹಳೇ ಗಾಡಿಗೆ ಟೈಮಿಗೆ ಸರಿಯಾಗಿ ಆಯಿಲ್ ಚೇಂಜ್ ಮಾಡ್ಸೋದು ಅರ್ಧ ಕೆಲ್ಸ, ಇನ್ನರ್ಧ ಮಧ್ಯದಲ್ಲಿ ಡಿಪ್‌ಸ್ಟಿಕ್ ನೋಡೋದು. ಕೆಳಗೆ ಬರ್ದಿರೋದೆಲ್ಲ ಹಳೇ ಮಾರುತಿ 800, ಆಲ್ಟೊ, ಜೆನ್, ವ್ಯಾಗನ್ ಆರ್, ಸ್ಯಾಂಟ್ರೋ ಥರದ ಪೆಟ್ರೋಲ್ ಗಾಡಿ ಮನಸಲ್ಲಿಟ್ಕೊಂಡು, ಡೀಸೆಲ್ ಬೇರೆ ಅನ್ನೋ ಕಡೆ ಅಲ್ಲೇ ಹೇಳಿದೀನಿ.

ಏನೇ ತೊಂದ್ರೆ ಇರ್ಲಿ, ಮೊದ್ಲು ಡಿಪ್‌ಸ್ಟಿಕ್

ಗಾಡಿ ಸಮತಟ್ಟು ಜಾಗದಲ್ಲಿರ್ಬೇಕು, ಮನೆ ಮುಂದಿನ ರ‍್ಯಾಂಪ್ ಮೇಲೆ ಮೂತಿ ಎತ್ಕೊಂಡು ನಿಂತಿದ್ರೆ ಲೆಕ್ಕ ತಪ್ಪತ್ತೆ. ಬೆಳಗ್ಗೆ ಸ್ಟಾರ್ಟ್ ಮಾಡೋಕ್ ಮುಂಚೆ ನೋಡೋದು ಒಳ್ಳೇದು, ಇಲ್ಲಾಂದ್ರೆ ಇಂಜಿನ್ ಆಫ್ ಮಾಡಿ ಐದ್ಹತ್ತು ನಿಮಿಷ ಬಿಟ್ಟು, ಮೇಲಿರೋ ಆಯಿಲ್ ಎಲ್ಲ ಚೇಂಬರಿಗೆ, ಅಂದ್ರೆ ಇಂಜಿನ್ ತಳದ ಆಯಿಲ್ ತೊಟ್ಟಿಗೆ ಇಳಿದ್ಮೇಲೆ. ಕಡ್ಡಿ ಎಳೀರಿ, ಒರಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೀರಿ. ಮೊದಲ್ನೇ ಸಲ ಎಳೆದಾಗ ಕಾಣೋದು ಲೆಕ್ಕಕ್ಕಿಲ್ಲ. ಎರಡು ಗುರುತಿನ ಮಧ್ಯೆ ಇದ್ರೆ ಸರಿ, ಮೇಲಿನ ಗುರುತಿಗೆ ಹತ್ರ ಇದ್ರೆ ಇನ್ನೂ ಸರಿ. ಸುಮಾರಾಗಿ ಎರಡು ಗುರುತಿನ ಮಧ್ಯದ ಅಂತರ ಒಂದು ಲೀಟರ್ ಆಸುಪಾಸು, ಆಲ್ಟೊ ಥರದ ಸಣ್ಣ ಇಂಜಿನ್ನಿಗೆ ಒಟ್ಟು ಹಿಡಿಯೋದೇ ಮೂರು ಲೀಟರ್ ಒಳಗೆ, ಹಾಗಾಗಿ ಒಂದು ಲೀಟರ್ ಕಮ್ಮಿ ಆಯ್ತು ಅಂದ್ರೆ ಮೂರ್ನೇ ಒಂದು ಭಾಗ ಹೋಯ್ತು ಅಂತ.

ಕಡ್ಡಿ ಒರಸೋಕೆ ಬಿಳೀ ಬಟ್ಟೆ ಇಟ್ಕೊಳ್ಳಿ, ಬನಿಯನ್ ತುಂಡಾದ್ರೂ ಆಯ್ತು. ಬಣ್ಣ ಕಾಣತ್ತೆ, ಬೆರಳಲ್ಲಿ ಉಜ್ಜಿದ್ರೆ ಮರಳಿನ ಥರ ತರಿತರಿ ಇದ್ಯಾ ಗೊತ್ತಾಗತ್ತೆ, ಮೂಸಿದ್ರೆ ಪೆಟ್ರೋಲ್ ವಾಸ್ನೆ ಇದ್ಯಾ ಅಂತಾನೂ ಗೊತ್ತಾಗತ್ತೆ. ಈ ಎರಡು ನಿಮಿಷದ ಕೆಲ್ಸಕ್ಕೆ ದುಡ್ಡಿಲ್ಲ, ಮೆಕ್ಯಾನಿಕ್ ಬೇಕಾಗಿಲ್ಲ.

ಕೆಂಪು ಆಯಿಲ್ ದೀಪ ಹತ್ತತ್ತೆ

ಎಲ್ರೂ ತಪ್ಪು ತಿಳ್ಕೊಂಡಿರೋದು ಇಲ್ಲೇ. ಆ ದೀಪ ಆಯಿಲ್ ಎಷ್ಟಿದೆ ಅಂತ ಹೇಳಲ್ಲ, ಆಯಿಲ್ ಪ್ರೆಷರ್ ಬಿದ್ದೋಯ್ತು ಅಂತ ಹೇಳತ್ತೆ. ಅಂದ್ರೆ ಆಯಿಲ್ ಅರ್ಧ ಲೀಟರ್ ಕಮ್ಮಿ ಆದಾಗ ಅದು ಸುಮ್ನಿರತ್ತೆ, ಮುಕ್ಕಾಲು ಲೀಟರಿಗೂ ಸುಮ್ನಿರಬಹುದು, ಪಂಪಿಗೆ ಎಳ್ಕೊಳ್ಳೋಕೆ ಆಯಿಲ್ಲೇ ಸಿಗ್ದೇ ಇದ್ದಾಗ ಬಾಯಿ ಬಿಡತ್ತೆ. ಅಷ್ಟೊತ್ತಿಗೆ ಬೇರಿಂಗು ಒಣಗ್ತಾ ಇರತ್ತೆ.

ಮೊದ್ಲು ದೀಪಾನೇ ಪರೀಕ್ಷೆ ಮಾಡಿ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡ್ಬೇಡಿ, ಕೆಂಪು ದೀಪ ಹತ್ತಲೇಬೇಕು, ಸ್ಟಾರ್ಟ್ ಆದ ಎರಡ್ಮೂರು ಸೆಕೆಂಡಲ್ಲಿ ಆರ್ಬೇಕು. ಕೀ ಆನ್ ಮಾಡಿದಾಗ ಹತ್ತೋದೇ ಇಲ್ಲ ಅಂದ್ರೆ ಬಲ್ಬ್ ಹೋಗಿದೆ ಇಲ್ಲಾ ಇಂಜಿನ್ನಲ್ಲಿರೋ ಆಯಿಲ್ ಪ್ರೆಷರ್ ಸ್ವಿಚ್ಚಿನ ವೈರ್ ಬಿಟ್ಟಿದೆ, ಇದನ್ನ ಅವತ್ತೇ ಸರಿ ಮಾಡ್ಸಿ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋರು ಇದನ್ನ ಖಂಡಿತ ನೋಡ್ಬೇಕು, ದೀಪ ಹತ್ತತ್ತೆ ಅಂತ ವೈರನ್ನೇ ಕಿತ್ತಿಟ್ಟು ಮಾರೋ ಮಹಾನುಭಾವ್ರೂ ಇದಾರೆ.

ತಿರುವಲ್ಲಿ, ಜೋರಾಗಿ ಬ್ರೇಕ್ ಹಾಕಿದಾಗ, ಏರಲ್ಲಿ ಮಾತ್ರ ಮಿನುಗತ್ತೆ ಅಂದ್ರೆ ಹತ್ರಹತ್ರ ಖಾತ್ರಿ ಲೆವೆಲ್ ಕಮ್ಮಿ ಅಂತಾನೇ, ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪಿನ ಬಾಯಿ ಗಾಳಿ ಎಳೀತಿರತ್ತೆ. ನನಗಾಗಿದ್ದು ಇದೇ. ಅದೇ ಗ್ರೇಡಿನ (ಡಬ್ಬಿ ಮೇಲೆ ಬರ್ದಿರೋ ಆಯಿಲ್ ದಪ್ಪದ ನಂಬರ್) ಆಯಿಲ್ ಟಾಪ್ ಅಪ್ ಮಾಡಿ, ಆಮೇಲೆ ಎಲ್ಲಿಗೆ ಹೋಯ್ತು ಅಂತ ಹುಡುಕಿ.

ಟ್ರಾಫಿಕ್ಕಲ್ಲಿ ನಿಂತಾಗ, ಇಂಜಿನ್ ಚೆನ್ನಾಗಿ ಬಿಸಿ ಆದ್ಮೇಲೆ ಮಿನುಗಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ರೆ ಆರೋಗತ್ತೆ ಅನ್ನೋದು ಬೇರೆ ಕತೆ. ಲೆವೆಲ್ ಸರಿ ಇದ್ರೆ ಆಯಿಲ್ ಹಳೇದಾಗಿ ನೀರಾಗಿದೆ, ಇಲ್ಲಾ ತೀರಾ ತೆಳು ಗ್ರೇಡ್ ಹಾಕಿದಾರೆ, ಇಲ್ಲಾ ಪೆಟ್ರೋಲ್ ಬೆರೆತಿದೆ. ಇಲ್ಲಿ ಮೊದ್ಲು ಆಯಿಲ್ಲು ಫಿಲ್ಟರು ಎರಡೂ ಬದಲಾಯ್ಸಿ. ಆಮೇಲೂ ಹಾಗೇ ಇದ್ರೆ ಪ್ರೆಷರ್ ಸ್ವಿಚ್ ಬದಲಾಯ್ಸಿ, ಅದು ಕೆಲವು ನೂರು ರೂಪಾಯಿ ಮಾಲು. ಆಮೇಲೂ ಹಾಗೇ ಅಂದ್ರೆ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಗೇಜ್ ಹಾಕಿ ನಿಜವಾದ ಪ್ರೆಷರ್ ನೋಡೋ ಮೆಕ್ಯಾನಿಕ್ ಹತ್ರ ಹೋಗಿ. ಗೇಜ್ ಹಾಕ್ದೇ ಬರೀ ಸದ್ದು ಕೇಳಿ "ಬೇರಿಂಗ್ ಹೋಗಿದೆ ಸಾರ್, ಇಂಜಿನ್ ಇಳಿಸ್ಬೇಕು" ಅನ್ನೋರ ಮಾತಿಗೆ ಅಡ್ವಾನ್ಸ್ ಕೊಡ್ಬೇಡಿ.

ಓಡ್ತಿರುವಾಗ ದೀಪ ಹತ್ತಿ ಹಾಗೇ ನಿಂತ್ರೆ? ಪಕ್ಕಕ್ಕೆ ತಗೊಂಡು ನಿಲ್ಸಿ ಇಂಜಿನ್ ಆಫ್ ಮಾಡಿ, ಮುಂದಿನ ಬಂಕ್ ಎರಡೇ ಕಿಲೋಮೀಟರ್ ಅಂತ ಎಳೀಬೇಡಿ. ಆದ್ರೆ ಘಾಟಿ ಇಳಿಜಾರಲ್ಲಿ ಗಾಡಿ ಓಡ್ತಿರುವಾಗ್ಲೇ ಗಾಬರೀಲಿ ಕೀ ತಿರುಗಿಸ್ಬೇಡಿ, ಇಂಜಿನ್ ನಿಂತ್ರೆ ಬ್ರೇಕ್ ಬೂಸ್ಟರಿಗೆ ಒಂದೆರಡು ಸಲ ಒತ್ತೋಷ್ಟೇ ದಮ್ಮಿರೋದು, ಪವರ್ ಸ್ಟೀರಿಂಗ್ ಕಲ್ಲಾಗತ್ತೆ, ಕೀ ಎಳೆದ್ರೆ ಸ್ಟೀರಿಂಗ್ ಲಾಕ್ ಆಗತ್ತೆ. ಗಾಡಿ ನಿಂತ್ಮೇಲೆ ಕೀ. ಡಿಪ್‌ಸ್ಟಿಕ್ಕಲ್ಲಿ ಕಮ್ಮಿ ಇದ್ರೆ ಆಯಿಲ್ ಹಾಕಿ ಸ್ಟಾರ್ಟ್ ಮಾಡಿ, ದೀಪ ತಕ್ಷಣ ಆರಿ ಸದ್ದು ಏನೂ ಇಲ್ಲಾಂದ್ರೆ ನಿಧಾನ ಹೋಗಿ, ದಾರೀಲಿ ಇನ್ನೊಂದ್ಸಲ ಕಡ್ಡಿ ನೋಡಿ. ಕಡ್ಡೀಲಿ ಆಯಿಲ್ ಸರಿಯಾಗಿದ್ದೂ ದೀಪ ಆರ್ತಿಲ್ಲ ಅಂದ್ರೆ ಮತ್ತೆ ಸ್ಟಾರ್ಟ್ ಮಾಡ್ಬೇಡಿ, ಟೋ ಮಾಡ್ಸಿ. ಟೋ ಗಾಡಿ ಬಾಡಿಗೆ ನೋಡಿ ಹೊಟ್ಟೆ ಉರಿಯತ್ತೆ ನಿಜ, ಆದ್ರೆ ಇಂಜಿನ್ ಸೀಜ್ ಆದ್ರೆ, ಅಂದ್ರೆ ಒಳಗೇ ಬಿಗಿದು ನಿಂತ್ರೆ, ಬರೋ ಖರ್ಚಿನಷ್ಟು ಹಳೇ ಗಾಡಿ ಬೆಲೇನೇ ಇರಲ್ಲ.

ನಿಲ್ಸಿದ ಜಾಗದಲ್ಲಿ ಹನಿ, ಕಲೆ

ರಾತ್ರಿ ಇಂಜಿನ್ ಕೆಳಗೆ ಹಳೇ ನ್ಯೂಸ್‌ಪೇಪರ್ ಹಾಸಿ ನಾಲ್ಕು ಮೂಲೆಗೆ ಕಲ್ಲಿಡಿ, ಬೆಳಗ್ಗೆ ನೋಡಿ. ಕಂದು ಕಪ್ಪು, ಜಿಡ್ಡು ಅಂದ್ರೆ ಇಂಜಿನ್ ಆಯಿಲ್. ಕೆಂಪಗೆ ತೆಳ್ಳಗಿದ್ರೆ ಪವರ್ ಸ್ಟೀರಿಂಗ್ ಆಯಿಲ್ ಇರಬಹುದು. ಹಸಿರೋ ಕೆಂಪೋ ನೀರಿನ ಥರ ಇದ್ರೆ ಕೂಲೆಂಟ್. ಬರೀ ನೀರಾದ್ರೆ ಏಸಿದು, ಬಿಡಿ. ಚಕ್ರದ ಹತ್ರ ಹಳದಿ ಛಾಯೆಯ ತೆಳು ಎಣ್ಣೆ ಕಂಡ್ರೆ ಅದು ಬ್ರೇಕ್ ಆಯಿಲ್, ಗಾಡಿ ತೆಗೀಲೇಬೇಡಿ.

ಪೇಪರ್ ಮೇಲೆ ಎಲ್ಲಿ ಬಿತ್ತೋ ಅಲ್ಲೇ ಲೀಕು ಅಂದ್ಕೋಬೇಡಿ, ಆಯಿಲ್ ಮೇಲಿಂದ ಜಾರಿ ಗಾಳಿಗೆ ಹಿಂದಕ್ಕೆ ಹರಿದು ಎಲ್ಲೋ ತೊಟ್ಟಿಕ್ಕತ್ತೆ. ಹಾಗಾಗಿ ಹುಡುಕೋದು ಮೇಲಿಂದ ಕೆಳಕ್ಕೆ. ಇಂಜಿನ್ ತಣ್ಣಗಿದ್ದಾಗ ಒರಸಿ ಒಣಗ್ಸಿ, ಮುಖಕ್ಕೆ ಹಾಕೋ ಪೌಡರನ್ನ ಅನುಮಾನ ಇರೋ ಕಡೆ ಉದುರ್ಸಿ, ಒಂದು ರೌಂಡ್ ಹೋಗ್ಬನ್ನಿ. ಬಿಳೀ ಪೌಡರ್ ಮೇಲೆ ಎಲ್ಲಿ ಮೊದ್ಲು ಒದ್ದೆ ಗೆರೆ ಮೂಡತ್ತೋ ಅದೇ ಲೀಕು. ನಂದ್ರಲ್ಲಿ ಟ್ಯಾಪೆಟ್ ಕವರ್ (ಇಂಜಿನ್ ತಲೆ ಮೇಲಿನ ಮುಚ್ಚಳ) ಹಿಂದಿನ ಮೂಲೇಲಿ ಕಡ್ಡಿ ಎಳೆದ ಹಾಗೆ ಒಂದು ಗೆರೆ ಬಂದಿತ್ತು, ಅದಕ್ಕೆ ಮುಂಚೆ ಎರಡು ಕಡೆ ತೋರ್ಸಿದ್ದೆ, ಇಬ್ರೂ ಕೆಳಗಿಂದ ನೋಡಿ ಚೇಂಬರ್ ಪ್ಯಾಕಿಂಗ್ ಅಂದಿದ್ರು.

ಅಗ್ಗದ್ದು ಟ್ಯಾಪೆಟ್ ಕವರ್ ಪ್ಯಾಕಿಂಗು, ಫಿಲ್ಟರಿನ ರಬ್ಬರ್ ರಿಂಗು, ಪ್ರೆಷರ್ ಸ್ವಿಚ್ಚು, ಡ್ರೈನ್ ಬೋಲ್ಟಿನ ವಾಷರು, ಇಷ್ಟನ್ನ ಮೊದ್ಲು ನೋಡಿ. ಟ್ಯಾಪೆಟ್ ಕವರಿಂದ ಇಳಿದಿದ್ದು ಬಿಸಿ ಎಕ್ಸಾಸ್ಟ್ ಮೇಲೆ ಬಿದ್ರೆ ಸುಟ್ಟ ವಾಸ್ನೆ, ಸಿಗ್ನಲ್ಲಲ್ಲಿ ಬಾನೆಟ್ ಸಂದಿಯಿಂದ ಹೊಗೆ, ಇದನ್ನ ಮುಂದೂಡ್ಬೇಡಿ, ಬೆಂಕಿ ವಿಷಯ. ಟೈಮಿಂಗ್ ಬೆಲ್ಟ್ ಕವರ್ ಕೆಳಗಿಂದ ಜಿನುಗ್ತಿದ್ರೆ ಇಂಜಿನ್ ಮುಂಭಾಗದ ಆಯಿಲ್ ಸೀಲು, ಆಯಿಲ್ ತಾಗಿದ ಬೆಲ್ಟ್ ಬೇಗ ಹಾಳಾಗತ್ತೆ, ಸೀಲ್ ಹಾಕ್ಸುವಾಗ ಬೆಲ್ಟೂ ಹೊಸದು ಹಾಕ್ಸಿ. ಇಂಜಿನ್ನಿಗೂ ಗೇರ್ ಬಾಕ್ಸಿಗೂ ಮಧ್ಯದ ಸಂದಿಯಿಂದ ಅಂದ್ರೆ ಹಿಂದಿನ ಸೀಲು, ಗೇರ್ ಬಾಕ್ಸ್ ಇಳಿಸ್ಬೇಕು, ದುಬಾರಿ ಕೆಲ್ಸ. ತಿಂಗಳಿಗೆ ನಾಲ್ಕು ಹನಿ ಅಂದ್ರೆ ಕ್ಲಚ್ ಪ್ಲೇಟ್ ಬದಲಾಯ್ಸೋ ಟೈಮಿಗೆ ಜೊತೇಲಿ ಮಾಡ್ಸಿದ್ರೂ ನಡೆಯತ್ತೆ, ಕ್ಲಚ್ ಜಾರೋಕೆ ಶುರುವಾದ್ರೆ ಕಾಯ್ಬೇಡಿ.

ಎಲ್ಲಾ ಕಡೆಯಿಂದ್ಲೂ ಒಟ್ಟಿಗೆ ಜಿನುಗ್ತಿದೆ ಅಂದ್ರೆ ಸೀಲುಗಳೆಲ್ಲ ಒಂದೇ ದಿನ ಸತ್ತಿಲ್ಲ, ಒಳಗಿನ ಗಾಳಿ ಹೊರಗೆ ಹೋಗೋ ಬ್ರೀದರ್ ಪೈಪು ಅಥವಾ ಪಿಸಿವಿ ವಾಲ್ವ್ ಕಟ್ಕೊಂಡಿದೆ. ಅದನ್ನ ಬಿಚ್ಚಿ ಕ್ಲೀನ್ ಮಾಡಿ ನೋಡ್ದೇ ಒಂದೂ ಸೀಲಿಗೆ ದುಡ್ಡು ಹಾಕ್ಬೇಡಿ.

ನೆಲ ಒಣಗಿದೆ, ಆದ್ರೂ ಆಯಿಲ್ ಕಮ್ಮಿ ಆಗ್ತಿದೆ

ಹಾಗಾದ್ರೆ ಇಂಜಿನ್ ಕುಡೀತಿದೆ. ಕಿ.ಮೀ. ಬರ್ದಿಟ್ಟು ಅಳೀರಿ, ಮೇಲಿನ ಗುರುತಿಗೆ ತುಂಬಿ 1000 ಕಿ.ಮೀ. ಆದ್ಮೇಲೆ ಮತ್ತೆ ಅದೇ ಗುರುತಿಗೆ ಬರೋಕೆ ಎಷ್ಟು ಎಂಎಲ್ ಹಿಡೀತು ಅಂತ. 200-300 ಎಂಎಲ್ ಒಳಗೆ ಅಂದ್ರೆ ಹಳೇ ಇಂಜಿನ್ನಿಗೆ ನಾನು ತಲೆ ಕೆಡಿಸ್ಕೊಳ್ಳಲ್ಲ, ಡಿಕ್ಕೀಲಿ ಒಂದು ಲೀಟರ್ ಕ್ಯಾನ್ ಇಟ್ಕೊಂಡು ಓಡಾಡಿ. ಅರ್ಧ ಲೀಟರ್ ದಾಟಿದ್ರೆ ಕಾರಣ ಹುಡುಕ್ಬೇಕು, ಒಂದು ಲೀಟರ್ ಆದ್ರೆ ಇಂಜಿನ್ ರಿಪೇರಿ ಹಂತಕ್ಕೆ ಬಂದಿದೆ.

ಹೊಗೆ ಯಾವಾಗ ಬರತ್ತೆ ಅನ್ನೋದ್ರಲ್ಲೇ ಅರ್ಧ ಉತ್ತರ ಇದೆ, ಹಿಂದೆ ಒಬ್ರನ್ನ ನಿಲ್ಸಿ ನೋಡ್ಸಿ. ಬೆಳಗ್ಗೆ ಮೊದಲ್ನೇ ಸ್ಟಾರ್ಟಿಗೆ ನೀಲಿ ಹೊಗೆ ಬುಸ್ ಅಂತ ಬಂದು ಆಮೇಲೆ ನಿಂತ್ರೆ ವಾಲ್ವ್ ಸೀಲ್ ಒಣಗಿದೆ, ರಾತ್ರಿಯೆಲ್ಲ ಆಯಿಲ್ ಒಳಗೆ ಇಳಿದಿರತ್ತೆ. ಗೇರಲ್ಲಿ ಇಳಿಜಾರು ಇಳಿದು ಕೆಳಗೆ ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಬಂದ್ರೂ ಅದೇ ಅನುಮಾನ. ಏರಲ್ಲಿ, ಲೋಡಲ್ಲಿ, ಒತ್ತಿದಷ್ಟೂ ಬರ್ತಾನೇ ಇದ್ರೆ ಪಿಸ್ಟನ್ ರಿಂಗು ಸವೆದಿದೆ. ವಾಲ್ವ್ ಸೀಲಿಗೆ ಖರ್ಚು ಕಮ್ಮಿ, ರಿಂಗಿಗೆ ಇಂಜಿನ್ ಪೂರ್ತಿ ಬಿಚ್ಬೇಕು, ಅದಕ್ಕೇ ಯಾವ್ದು ಅಂತ ಗೊತ್ತಾಗದೆ ಒಪ್ಕೋಬೇಡಿ. ಕಪ್ಪು ಹೊಗೆ ಆಯಿಲ್ ಸಮಸ್ಯೆ ಅಲ್ಲ, ಪೆಟ್ರೋಲ್ ಜಾಸ್ತಿ ಕುಡೀತಿದೆ. ಚಳಿ ಬೆಳಗ್ಗೆ ಬಿಳೀ ಹೊಗೆ ಐದು ನಿಮಿಷದಲ್ಲಿ ನಿಂತ್ರೆ ಬರೀ ಆವಿ.

ಮನೇಲೇ ಮಾಡೋ ಇನ್ನೊಂದು ಪರೀಕ್ಷೆ: ಇಂಜಿನ್ ಐಡಲಲ್ಲಿರುವಾಗ ಆಯಿಲ್ ಹಾಕೋ ಮುಚ್ಚಳ ತೆಗೆದು ತಲೆಕೆಳಗಾಗಿ ಬಾಯಿ ಮೇಲೆ ಸುಮ್ನೆ ಇಡಿ. ಸ್ವಲ್ಪ ನಡುಗೋದು ಮಾಮೂಲಿ, ದೋಸೆ ಹಿಟ್ಟಿನ ಪಾತ್ರೆ ಮುಚ್ಚಳದ ಹಾಗೆ ಎಗರಿ ಬಿದ್ರೆ, ಜೊತೆಗೆ ಪುಸುಪುಸು ಹೊಗೆ ಬಂದ್ರೆ ಮೆಕ್ಯಾನಿಕ್‌ಗಳು ಹೇಳೋ ಬ್ಯಾಕ್ ಕಂಪ್ರೆಷನ್ ಇದೇ, ಸವೆದ ರಿಂಗಿನ ಸಂದಿಯಿಂದ ಗಾಳಿ ಕೆಳಗೆ ನುಗ್ತಿದೆ ಅಂತ. ಬ್ರೀದರ್ ಕ್ಲೀನ್ ಇದ್ದೂ ಹೀಗಾದ್ರೆ ಕಂಪ್ರೆಷನ್ ಟೆಸ್ಟ್ ಮಾಡ್ಸಿ. ಇಂಜಿನ್ ಓಡ್ತಿರುವಾಗ ಬಗ್ಗೋರು ಪಂಚೆ ಸಡಿಲ ಇಟ್ಕೋಬೇಡಿ, ಕೊರಳ ಸರ, ದುಪಟ್ಟಾ, ಸೆರಗು, ಟವೆಲ್ ಯಾವ್ದೂ ನೇತಾಡಬಾರದು, ಬೆಲ್ಟಿಗೆ ಸಿಕ್ರೆ ಬಿಡಿಸ್ಕೊಳ್ಳೋಕೆ ಟೈಮ್ ಸಿಗಲ್ಲ.

ಮುಚ್ಚಳದ ಒಳಗೆ ಮಜ್ಜಿಗೆ ಥರ ಬೆಳ್ಳಗೆ

ಮಳೆಗಾಲದಲ್ಲಿ ಮಲೆನಾಡಿನವ್ರು ಇದನ್ನ ನೋಡಿ ಹೆದರೋದು ಮಾಮೂಲಿ. ದಿನಾ ಒಂದೆರಡು ಕಿ.ಮೀ. ಮಾತ್ರ ಓಡ್ಸಿ ನಿಲ್ಸೋ ಗಾಡೀಲಿ ಇಂಜಿನ್ ಪೂರ್ತಿ ಬಿಸಿ ಆಗಲ್ಲ, ಒಳಗಿನ ತೇವ ಆರಲ್ಲ, ತಣ್ಣಗಿರೋ ಮುಚ್ಚಳಕ್ಕೆ ಹೋಗಿ ಅಂಟ್ಕೊಳ್ಳತ್ತೆ. ಒರಸಿ, ಹೈವೇಲಿ ಒಂದು ಮೂವತ್ತು ಕಿ.ಮೀ. ಹೋಗ್ಬನ್ನಿ, ಮತ್ತೆ ನೋಡಿ. ಡಿಪ್‌ಸ್ಟಿಕ್ಕಲ್ಲೂ ಅದೇ ಮಜ್ಜಿಗೆ ಬಣ್ಣ ಇದ್ದು, ಕೂಲೆಂಟ್ ಕಮ್ಮಿ ಆಗ್ತಿದ್ದು, ಟೆಂಪರೇಚರ್ ಮುಳ್ಳು ಏರ್ತಿದ್ರೆ ಮಾತ್ರ ಹೆಡ್ ಗ್ಯಾಸ್ಕೆಟ್, ಅಂದ್ರೆ ಇಂಜಿನ್ ಹೆಡ್ಡಿಗೂ ಬ್ಲಾಕಿಗೂ ಮಧ್ಯದ ಪ್ಯಾಕಿಂಗ್ ಹೋಗಿ ಕೂಲೆಂಟ್ ಆಯಿಲ್ಲಿಗೆ ಬೆರೀತಿದೆ. ಆಗ ಆಯಿಲ್ ಚೇಂಜ್ ಮಾಡಿ ಪ್ರಯೋಜನ ಇಲ್ಲ, ಓಡಿಸೋದೂ ಬೇಡ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೀಬೇಡಿ, ಕುದಿಯೋ ನೀರು ಮುಖಕ್ಕೆ ಚಿಮ್ಮತ್ತೆ.

ಹಾಕ್ದೇನೇ ಆಯಿಲ್ ಲೆವೆಲ್ ಏರಿದೆ

ಕಮ್ಮಿ ಆದ್ರೆ ಎಲ್ರೂ ಗಮನಿಸ್ತಾರೆ, ಏರಿದ್ರೆ ಖುಷಿ ಪಡೋರೂ ಇದಾರೆ. ಕಡ್ಡಿ ಮೂಸಿ. ಪೆಟ್ರೋಲ್ ವಾಸ್ನೆ ಘಮ್ ಅಂತಿದ್ರೆ, ಅದೂ ಕಾರ್ಬುರೇಟರ್ ಇರೋ ಹಳೇ 800 ಆಗಿದ್ರೆ, ಕ್ಯಾಮಿಂದ ಓಡೋ ಪೆಟ್ರೋಲ್ ಪಂಪಿನ ಒಳಗಿನ ಡಯಾಫ್ರಮ್ ಹರಿದು ಪೆಟ್ರೋಲ್ ನೇರ ಆಯಿಲ್ಲಿಗೆ ಇಳೀತಿರತ್ತೆ. ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್, ಆ ಕಾಲದ ರಬ್ಬರಿಗೆ ಅದು ಒಗ್ಗಲ್ಲ, ಹಾಗಾಗಿ ಹಳೇ ಪಂಪು, ಹಳೇ ಪೈಪು ಇಟ್ಕೊಂಡಿರೋರು ಇನ್ನೂ ಹುಷಾರಾಗಿರ್ಬೇಕು. ಪಂಪ್ ಬದಲಾಯ್ಸಿ, ಆಯಿಲ್ ಪೂರ್ತಿ ಚೆಲ್ಲಿ ಹೊಸದು ಹಾಕಿ, ಅಲ್ಲೀವರೆಗೆ ಸ್ಟಾರ್ಟ್ ಮಾಡ್ಬೇಡಿ, ಆ ಆಯಿಲ್ಲಲ್ಲಿ ಬೇರಿಂಗಿಗೆ ರಕ್ಷಣೆನೂ ಇಲ್ಲ, ಬೆಂಕಿ ಭಯಾನೂ ಇದೆ. ಎಂಪಿಎಫ್‌ಐ ಅಂದ್ರೆ ಕಾರ್ಬುರೇಟರ್ ಬದ್ಲು ಇಂಜೆಕ್ಟರ್ ಇರೋ ಗಾಡಿಗೆ ಪಂಪ್ ಟ್ಯಾಂಕಲ್ಲಿರತ್ತೆ, ಅಲ್ಲಿ ವಾಸ್ನೆ ಬಂದ್ರೆ ಇಂಜೆಕ್ಟರು, ಪ್ಲಗ್ಗು ನೋಡ್ಸಿ. ವಾಸ್ನೆ ಇಲ್ಲ, ಬೆಳ್ಳಗಿದೆ ಅಂದ್ರೆ ಮೇಲೆ ಹೇಳಿದ ಹೆಡ್ ಗ್ಯಾಸ್ಕೆಟ್ಟೇ. ಎರಡೂ ಇಲ್ಲ ಅಂದ್ರೆ ಚೇಂಜ್ ಮಾಡಿದವ್ರು ಜಾಸ್ತಿ ಸುರಿದಿದಾರೆ, ಆಯಿಲ್ ನೊರೆ ಬಂದು ಸೀಲುಗಳಿಂದ ಹೊರಗೆ ತಳ್ಳೋಕೆ ಮುಂಚೆ ಹೆಚ್ಚಾಗಿದ್ದನ್ನ ತೆಗೆಸಿ.

ಸದ್ದು

ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮೇಲುಗಡೆ ಟಿಕಟಿಕ, ಎರಡ್ಮೂರು ಸೆಕೆಂಡಲ್ಲಿ ನಿಂತೋಗತ್ತೆ: ರಾತ್ರಿ ಫಿಲ್ಟರಲ್ಲಿ ನಿಲ್ಬೇಕಾಗಿದ್ದ ಆಯಿಲ್ ಕೆಳಗಿಳಿದಿದೆ. ಅಗ್ಗದ ಫಿಲ್ಟರಲ್ಲಿ ಆಯಿಲ್ ತಡೆದಿಡೋ ರಬ್ಬರ್ ವಾಲ್ವ್ ಸರಿ ಇರಲ್ಲ, ಕಂಪನಿ ಫಿಲ್ಟರ್ ಹಾಕಿ ನೋಡಿ. ಟಿಕಟಿಕ ನಿಲ್ಲದೆ ಇದ್ರೆ ಲೆವೆಲ್ ನೋಡಿ, ಆಮೇಲೆ ಟ್ಯಾಪೆಟ್ ಸೆಟ್ಟಿಂಗ್ ಮಾಡ್ಸಿ. ಕೆಳಗಡೆಯಿಂದ ಡಬ್ ಡಬ್ ಅಂತ ಒರಳಲ್ಲಿ ಕುಟ್ಟಿದ ಹಾಗೆ, ಏರಲ್ಲಿ ಜಾಸ್ತಿ ಆಗೋ ಸದ್ದು ಬೇರಿಂಗಿಂದು. ಅಲ್ಲಿಗೆ ನಿಲ್ಸಿ, ಓಡಿಸ್ಕೊಂಡು ಗ್ಯಾರೇಜಿಗೆ ಹೋಗೋದಲ್ಲ.

1.3 ಲೀಟರ್ ಮಲ್ಟಿಜೆಟ್ ಡೀಸೆಲ್, ಅಂದ್ರೆ ಹಳೇ ಸ್ವಿಫ್ಟ್, ರಿಟ್ಜ್ ಡೀಸೆಲ್ ಇರೋರಿಗೆ ಒಂದು ಮಾತು, ಅದ್ರಲ್ಲಿರೋದು ಟೈಮಿಂಗ್ ಚೈನು, ಆಯಿಲ್ ಪ್ರೆಷರಿಂದ್ಲೇ ಅದು ಬಿಗಿಯಾಗಿರೋದು. ಆಯಿಲ್ ಚೇಂಜ್ ತಡ ಮಾಡ್ತಾ ಬಂದ ಗಾಡೀಲಿ ಸ್ಟಾರ್ಟಿಗೆ ಸರಪಳಿ ಅಲ್ಲಾಡಿಸಿದ ಹಾಗೆ ಝರಝರ ಕೇಳ್ಸತ್ತೆ, ಚೈನ್ ನೋಡ್ಸೋದನ್ನ ಮುಂದೂಡ್ಬೇಡಿ.

ಹಾಕಿದ ಸ್ವಲ್ಪ ದಿನಕ್ಕೇ ಕಪ್ಪಾಯ್ತು

ಡೀಸೆಲ್ಲಿಗೆ ಅದು ಮಾಮೂಲಿ, ಹಾಕಿದ ದಿನಾನೇ ಕಪ್ಪಾಗತ್ತೆ. ಪೆಟ್ರೋಲ್ ಗಾಡೀಲಿ ಐನೂರು ಕಿ.ಮೀ.ಗೇ ಡಾಂಬರ್ ಥರ ಆದ್ರೆ ಹಿಂದಿನ ಮಾಲೀಕ್ರು ಸರಿಯಾಗಿ ಚೇಂಜ್ ಮಾಡ್ಸಿಲ್ಲ, ಒಳಗೆ ಕಿಟ್ಟ ಕಟ್ಟಿದೆ. ಟಾರ್ಚ್ ಹಿಡಿದು ಆಯಿಲ್ ಬಾಯಿಯಿಂದ ಇಣುಕಿ, ಲೋಹ ಕಾಣ್ಬೇಕು, ತುಪ್ಪ ಕಾಯಿಸಿದ ಪಾತ್ರೆ ತಳದ ಥರ ಕಪ್ಪು ಗಸಿ ಕಾಣಬಾರದು. ಕಂಡ್ರೆ ತಕ್ಷಣ ಎಲ್ರೂ ಹೇಳೋದು ಇಂಜಿನ್ ಫ್ಲಶ್ ಹಾಕ್ಸಿ ಅಂತ. ತುಂಬಾ ಗಸಿ ಇರೋ ಹಳೇ ಇಂಜಿನ್ನಿಗೆ ನಾನು ಬೇಡ ಅಂತೀನಿ, ದೊಡ್ಡ ತುಂಡು ಕಿತ್ಕೊಂಡು ಹೋಗಿ ಪಂಪಿನ ಜಾಲರಿಗೆ ಅಡ್ಡ ಕೂತ್ರೆ ಪ್ರೆಷರ್ರೇ ಹೋಗತ್ತೆ. ಅದ್ರ ಬದ್ಲು ಸಾಮಾನ್ಯ ಒಳ್ಳೇ ಆಯಿಲ್ ಹಾಕಿ 1500-2000 ಕಿ.ಮೀ.ಗೆ ಒಂದ್ಸಲ ಹಾಗೆ ಎರಡ್ಮೂರು ಸಲ ಆಯಿಲ್ಲೂ ಫಿಲ್ಟರೂ ಬದಲಾಯ್ಸಿ, ನಿಧಾನಕ್ಕೆ ಕರಗತ್ತೆ.

ಇಳಿಸಿದ ಆಯಿಲ್ಲನ್ನ ಬಿಸಿಲಲ್ಲಿ ನೋಡೋ ಅಭ್ಯಾಸ ಮಾಡ್ಕೊಳ್ಳಿ. ಸಣ್ಣ ಹೊಳಪು ಪುಡಿ ಅಲ್ಪಸ್ವಲ್ಪ ಇರಬಹುದು, ಕಣ್ಣಿಗೆ ಕಾಣೋ ಚೂರು ಸಿಕ್ರೆ ಆ ಚೂರನ್ನೇ ಕವರಲ್ಲಿ ಹಾಕಿ ಮೆಕ್ಯಾನಿಕ್ಕಿಗೆ ತೋರ್ಸಿ.

ಎಷ್ಟು ದಿನಕ್ಕೆ ಅಂದ್ರೆ, ಹಳೇ ಪೆಟ್ರೋಲ್ ಗಾಡಿಗೆ ನಾನು 5,000 ಕಿ.ಮೀ. ಇಲ್ಲಾ ವರ್ಷ, ಯಾವ್ದು ಮೊದ್ಲೋ ಅದು. ಬರೀ ಭಾನುವಾರ ತರಕಾರಿಗೆ ತೆಗಿಯೋ ಗಾಡಿಗೆ ಆರು ತಿಂಗಳಿಗೇ ಬದಲಾಯ್ಸಿದ್ರೂ ಸರಿ, ಓಡ್ಸಿಲ್ಲ ಅಂತ ಆಯಿಲ್ ಹೊಸದಾಗೇ ಇರಲ್ಲ. ಗ್ರೇಡ್ ಮ್ಯಾನುಯಲ್ ನೋಡಿ, ಇಂಜಿನ್ ಹಳೇದಾಗಿ ಸ್ವಲ್ಪ ಕುಡಿಯೋಕೆ ಶುರುವಾಗಿದ್ರೆ ನಮ್ಮ ಕಡೆ ಹವಾಮಾನಕ್ಕೆ ಸ್ವಲ್ಪ ದಪ್ಪ ಗ್ರೇಡಾದ 20ಡಬ್ಲ್ಯೂ-40 ಹಾಕಿದ್ರೆ ಕುಡಿಯೋದು ಕಮ್ಮಿ ಆಗಬಹುದು, ಅದಕ್ಕಿಂತ ದಪ್ಪಕ್ಕೆ ಹೋಗೋಕ್ ಮುಂಚೆ ಕಾರಣ ಹುಡುಕಿ. ದುಬಾರಿ ಸಿಂಥೆಟಿಕ್ ಸುರಿದು ಎರಡು ವರ್ಷ ಬಿಡೋದಕ್ಕಿಂತ ಸಾದಾ ಆಯಿಲ್ಲನ್ನ ಟೈಮಿಗೆ ಬದಲಾಯ್ಸೋದು ಈ ಇಂಜಿನ್‌ಗಳಿಗೆ ಲೇಸು.

ಚೇಂಜ್ ಮಾಡ್ಸಿದ್ಮೇಲೇ ಶುರುವಾದ ತೊಂದ್ರೆ

ನಿನ್ನೆ ಚೇಂಜ್ ಆಗಿ ಇವತ್ತು ಲೀಕು ಅಂದ್ರೆ ಹೊಸ ಖಾಯಿಲೆ ಅಲ್ಲ, ನಿನ್ನೆ ಮಾಡಿದ ಕೆಲ್ಸ. ಹಳೇ ಫಿಲ್ಟರಿನ ರಬ್ಬರ್ ರಿಂಗು ಇಂಜಿನ್ನಿಗೇ ಅಂಟ್ಕೊಂಡು ಉಳಿದು ಅದ್ರ ಮೇಲೆ ಹೊಸ ಫಿಲ್ಟರ್ ಕೂರ್ಸಿದ್ರೆ, ಎರಡು ರಿಂಗ್ ಆಗಿ ಪ್ರೆಷರಿಗೆ ಪಕ್ಕಕ್ಕೆ ಜಾರತ್ತೆ, ಆಯಿಲ್ ಪಿಚಕಾರಿ ಥರ ಹೊಡ್ಯತ್ತೆ. ನನ್ನ ಗಾಡಿಗೂ ಒಂದ್ಸಲ ಒಂದು ಗ್ಯಾರೇಜಲ್ಲಿ ಹೀಗೇ ಆಗಿ ತುಮಕೂರು ರಸ್ತೇಲಿ ದಾಬಸ್‌ಪೇಟೆ ಹತ್ರ ಹಿಂದಿನ ಬೈಕಿನವ್ನು ಕೈ ತೋರ್ಸಿದ್ದಕ್ಕೆ ನಿಲ್ಸಿದ್ದು, ಇನ್ನೈದು ನಿಮಿಷ ಬಿಟ್ಟಿದ್ರೆ ಮುಗೀತು. ಅದಕ್ಕೇ ಗ್ಯಾರೇಜಿಂದ ಹೊರಡೋ ಮುಂಚೆ ಸ್ಟಾರ್ಟ್ ಮಾಡಿ ಎರಡು ನಿಮಿಷ ಬಿಟ್ಟು ಕೆಳಗೆ ಬಗ್ಗಿ ನೋಡಿ, ಆಫ್ ಮಾಡಿ ಕಡ್ಡಿ ನೋಡಿ.

ನೀವೇ ಮಾಡೋದಾದ್ರೆ ಫಿಲ್ಟರಿನ ಹೊಸ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿ, ರಿಂಗ್ ತಾಗಿದ್ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗೀರಿ, ಸ್ಪ್ಯಾನರ್ ಬೇಡ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ, ಪೈಲ್ವಾನರ ಹಾಗೆ ಬಿಗಿದು ಥ್ರೆಡ್ ಕೆಡಿಸ್ಬೇಡಿ. ಬರೀ ಜಾಕ್ ಮೇಲೆ ಎತ್ತಿರೋ ಗಾಡಿ ಕೆಳಗೆ ತಲೆ ಹಾಕ್ಬೇಡಿ, ಇಟ್ಟಿಗೆ ಸೈಜುಗಲ್ಲು ಇಟ್ರೂ ಬೇಡ, ಅದಕ್ಕೆ ಸ್ಟ್ಯಾಂಡ್ ಇದೆ, ಹ್ಯಾಂಡ್‌ಬ್ರೇಕು, ಹಿಂದಿನ ಚಕ್ರಕ್ಕೆ ಕಲ್ಲು ಬೇರೆ. ಆಯಿಲ್ ಕೈ ಸುಡದಷ್ಟು ಬೆಚ್ಚಗಿರ್ಬೇಕು, ಗ್ಲೌಸ್ ಹಾಕ್ಕೊಳ್ಳಿ, ಹಳೇ ಆಯಿಲ್ ಚರ್ಮಕ್ಕೆ ಪದೇ ಪದೇ ತಾಗೋದು ಒಳ್ಳೇದಲ್ಲ.

ಇಳಿಸಿದ ಆಯಿಲ್ಲನ್ನ ಚರಂಡಿಗೋ ತೋಟದ ಬೇಲಿ ಬುಡಕ್ಕೋ ಗೆದ್ದಲಿಗೆ ಅಂತ ಸುರಿಯೋದು ನಮ್ಮೂರ ಕಡೆ ಇನ್ನೂ ಇದೆ, ಬಾವಿ ನೀರಿಗೆ ಅದೇ ಇಳಿಯೋದು. 2016ರ ನಿಯಮದ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ, ಕ್ಯಾನಿಗೆ ತುಂಬಿ ಡ್ರಮ್ಮಲ್ಲಿ ಕೂಡಿಡೋ ದೊಡ್ಡ ಗ್ಯಾರೇಜಿಗೆ ಕೊಡಿ. ಹೊಸ ಆಯಿಲ್ಲಿನ ಖಾಲಿ ಡಬ್ಬಿಗೆ ಮಾತ್ರ ಸ್ಕ್ರೂಡ್ರೈವರಲ್ಲಿ ಎರಡು ತೂತು ಹೊಡ್ದೇ ಎಸೀರಿ, ಗ್ಯಾರೇಜಲ್ಲಿ ಮಾಡ್ಸಿದ್ರೂ ಅಲ್ಲೇ ನಿಂತು ಹೊಡ್ಸಿ, ಅದೇ ಡಬ್ಬಿಗೆ ಕಳಪೆ ಮಾಲು ತುಂಬಿ ಸೀಲ್ ಮಾಡಿ ಮತ್ತೆ ನಿಮಗೇ ಮಾರ್ತಾರೆ.